ಹತ್ತು ಕೇಜಿಗಿಂತ ಕಡಿಮಿ

ಹೆಂಗ ಗೆಳೆಯರಾದ್ರಿ ಅಂತ ಯಾರರ ಕೇಳಿದ್ರ
ಒಂದು ಹಳದಿ ಹೂವು ತೋರಸ್ತೀನಿ.
ಕಾರಟಗಿ ಕಾಲುವಿ ದಂಡಿಮ್ಯಾಲ ನಿಂತು ಫೋಟೊ ಹೊಡದು
'ನಾವು ತಂಗಡಿ ಅಂತೀವಿ, ನೀವೇನಂತೀರಿ?' ಅಂದಿದ್ದೆ,
ಗುರುತಿಲ್ಲದ ಮಂದಿಗೆ.
ಆವರಿಕೆ ಅಂದಾ ಹೊಸದುರ್ಗದ ಇನಾಯತ್.
ನಾ ಕಂಡದ್ದೇ ಇಲ್ಲ ಮಾರಾಯ್ತಿ ಅಂದ್ಲು ಬೈಂದೂರಿನ ಗುಲಾಬಿ ಖಾರ್ವಿ.
ಕೊಳ್ಳೇಗಾಲದ ಪುಟ್ಟತಾಯಮ್ಮ ಹೆಸರು ಹೇಳಲಿಲ್ಲ,
'ನಮ್ಮಜ್ಜಿ ಇದರ ಸೊಪ್ಪು ನೆತ್ತಿ ಮೇಲಿಟ್ಕಂಡು
ಬಿಸಿಲಲ್ಲಿ ನಡೆಯೋಳು' ಅಂತ ಬರದ್ಲು.

ಆವಾಗಿಂದ ನಾಲ್ಕು ಮಂದಿ.
ಒಬ್ಬರ ಮಾರಿ ಒಬ್ಬರು ನೋಡಿಲ್ಲ.
ಅಂಗೈ ನೋಡೀವಿ, ಕಿಟಕಿ ನೋಡೀವಿ,
ಗುಲಾಬಿಯ ಮಣಿಕಟ್ಟಿಗೆ ಹತ್ತಿದ ಮೀನಿನ ಹುರುಪಿ,
ಇನಾಯತ್‌ನ ಚಾದ ಗ್ಲಾಸಿನ ಹಿಂದ ತಿರುಗೋ ಗಾಳಿಗಿರಣಿ,
ರೇಷ್ಮಿ ಬುಟ್ಟಿಯೊಳಗ ಮಲಗಿದ ಪುಟ್ಟತಾಯಮ್ಮನ ಬೆಕ್ಕು.

ನಾ ಏನು ಕಳಸ್ಲಿ?
ಅಕ್ಕಿ ಮಿಲ್ಲಿನ ಕಾಟಾ ರೂಮು ನನ್ನದು.
ಫ್ಯಾನಿನ ರೆಕ್ಕಿಮ್ಯಾಲ ತೌಡು, ರಿಜಿಸ್ಟರಿನ ಮ್ಯಾಲ ತೌಡು,
ಮೂಗಿನ ನತ್ತಿನ್ಯಾಗೂ ತೌಡು.
ಗದ್ದಿ ಆಚಿಗೆ ಕಲ್ಲುಗುಡ್ಡ,
ಹಮಾಲರು ಬೇಜಾರಾಗಿ ಒಗದು ಹೋದ ಚೀಲದಂಗ.
ಅದನ್ನ ಕಳಿಸಿದೆ.
'ಈ ಕಲ್ಲು ಉರುಳೂದಿಲ್ವಾ?' ಅಂತ ಗುಲಾಬಿಗೆ ಗಾಬರಿ.
ಇಲ್ಲವ್ವಾ, ನಮ್ಮಜ್ಜನ ಕಾಲದಿಂದ ಉರುಳಾಕ ಹತ್ಯಾವ,
ಇನ್ನೂ ಮುಟ್ಟಿಲ್ಲ.

ಒಂದಿನ ರಾತ್ರಿ, ಕರೆಂಟು ಹೋದಾಗ,
ಸಣ್ಣಾವ್ರಿದ್ದಾಗ ಏನು ಪ್ರೀತಿ ಇತ್ತು ಅನ್ನೋ ಮಾತು ಬಂತು.
ಕಡ್ಡಿಪೆಟ್ಟಿಗ್ಯಾಗ ಸಾಕಿದ ಜೀರಂಗಿ ಅಂದಾ ಇನಾಯತ್,
ಅದರ ಮೈಬಣ್ಣದ ಸೀರಿ ಹೆಂಡತಿಗೆ ಹುಡುಕಿ ಹುಡುಕಿ ಸೋತೆ ಅಂದಾ.
ಸ್ಲೇಟು ಒರಸಿದ ಮ್ಯಾಲ ಬರೋ ವಾಸನಿ ಅಂದ್ಲು ಪುಟ್ಟತಾಯಮ್ಮ.
ಗುಲಾಬಿ ಬಾಳ ಹೊತ್ತು ಬರದು, ಅಳಿಸಿ,
ಕಡೀಕ 'ಅಪ್ಪನ ದೋಣಿಯ ಹಗ್ಗ' ಅಂತಷ್ಟ ಕಳಿಸಿದ್ಲು.

ನಾ ಹೇಳಿದೆ:
ನಮ್ಮಪ್ಪ ಇದ ಮಿಲ್ಲಿನ್ಯಾಗ ಹಮಾಲಿ.
ಆಗ ಹಳೇ ತಕ್ಕಡಿ, ಕಬ್ಬಿಣದ ಹಲಗಿದು.
ಕಡೀ ಚೀಲ ಏರಿಸಿ, ಅದರ ಮ್ಯಾಲ ನನ್ನ ಕುಂದ್ರಸ್ತಿದ್ದ.
ಗುಮಾಸ್ತ ವೀರಭದ್ರಯ್ಯ ಕನ್ನಡಕ ಏರಿಸಿ,
ಪೆನ್ಸಿಲ್ ನಾಲಿಗಿಗೆ ಹಚ್ಚಿ,
'ಹುಡುಗಿ, ವಜಾ ಹನ್ನೊಂದು ಕೇಜಿ' ಅಂತ ಬರೀತಿದ್ದ.
ಲೆಕ್ಕದ ಪುಸ್ತಕದಾಗ ನನ್ನ ಹೆಸರಿಗೆ ಒಂದು ಸಾಲು!
ಪೇಡೆ ಕೊಟ್ರೂ ಇಳೀತಿದ್ದಿಲ್ಲ.

ಈಗಿನ ಕಾಟಾ ನಲವತ್ತು ಟನ್ ಹೊರತೈತಿ.
ಹತ್ತು ಕೇಜಿಗಿಂತ ಕಡಿಮಿ ಇದ್ದದ್ದು ಅದಕ್ಕ ತಿಳಿಯಂಗಿಲ್ಲ.

ನಿನ್ನೆ ಮಧ್ಯಾಹ್ನ ಲಾರಿ ಇಲ್ಲದ ಹೊತ್ತು
ಗುಬ್ಬಿ ಒಂದು ಬಂದು ಕಾಟಾದ ನಟ್ಟನಡುವ ಕುಂತು
ಆ ಕಡಿ ಈ ಕಡಿ ನೋಡ್ತು,
ತೂಕಕ್ಕ ಬಂದ ಗಿರಾಕಿಯಂಗ.
ಪರದಿಮ್ಯಾಲ ಐದು ಕೆಂಪು ಸೊನ್ನಿ, ಮಿಸುಕಲಿಲ್ಲ.
ಮೊಬೈಲ್ ತಗದೆ. ಹೊರಗ ಹಾರ್ನು.
ಫೋಟೊದಾಗ ಬಂದದ್ದು ಕಬ್ಬಿಣದ ತಗಡು,
ಡ್ರೈವರ್ ಹುಸೇನಪ್ಪನ ಮೊಣಕೈ, ಬಿಸಿಲು.

ಹಂಗ ಕಳಿಸಿದೆ: ಇದು ಗುಬ್ಬಿ.
ಎಡಕ್ಕಿರೋ ಕಪ್ಪು ಚುಕ್ಕಿ ಅಲ್ವಾ ಅಂದಾ ಇನಾಯತ್.
(ಅದು ಗ್ರೀಸು.)
ಕೆಳಗೆ, ತಗಡಿನ ಸಂದಿಯಲ್ಲಿ ಅಂದ್ಲು ಗುಲಾಬಿ.
ಪುಟ್ಟತಾಯಮ್ಮ ಒಂದು ತಾಸಿನ ಮ್ಯಾಲ ಬರದ್ಲು,
'ಕಾಣಿಸ್ಲಿಲ್ಲ ಕಣವ್ವ. ಕೂಗಿದ್ದು ಕೇಳಿಸ್ತು.'

ಸಂಜಿಗೆ ಮಷೀನಿನಿಂದ ಒಂದು ಚೀಟಿ ಹೊಡದೆ.
ಗಾಡಿ ನಂಬರ್: ಗುಬ್ಬಿ.
ಮಾಲು: ಇಲ್ಲ.
ತೂಕ: ೦೦೦೦೦.
ಸಾವ್ಕಾರ ಗಲ್ಲಾ ಎಣಸೂಮುಂದ ಹಿಡದಾ,
ಇದ್ಯಾರ ಗಾಡಿ, ಕಾಟಾ ರೊಕ್ಕ ಎಲ್ಲಿ ಅಂದಾ.

ಐವತ್ತು ರೂಪಾಯಿ.
ನಾನ ಕಟ್ಟೀನಿ.