ಮಂಗಳವಾರದ ಗಾಳಿ

ಗುತ್ತಲು ರಸ್ತೆಯ ಐಸ್ ಫ್ಯಾಕ್ಟರಿಗೆ
ಬೆಳಗಿನ ಜಾವ ಬೈರಿಗೆ ಹೊತ್ತು ಹೋದೆವು,
ನಾನು, ನನ್ನ ಜೂನಿಯರ್ ಲೋಹಿತಾಶ್ವ.
ಎರವಲು ತಂದ ದಪ್ಪ ಕೋಟು ಮಂಡಿಯವರೆಗೆ;
ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ.
ಮಾರ್ಚಿಗೆ ಆರ್ಕ್ಟಿಕ್. ಅಷ್ಟರೊಳಗೆ ಕೈ ಪಳಗಬೇಕು.
ಮಂಡ್ಯದಲ್ಲಿ ಹಿಮನದಿ ಎಲ್ಲಿಂದ ತರೋಣ?

ಅಜ್ಮತ್ ಸಾಬರು ಬೈರಿಗೆಯನ್ನು ತಿರುವಿ ನೋಡಿದರು:
"ಬೋರ್‌ವೆಲ್ಲಾ?"
ಹೌದು ಅಂದೆ. ನೀರಿಗಲ್ಲ, ಗಾಳಿಗೆ.
ಹಳೆಯ ಹಿಮದ ಗುಳ್ಳೆಗಳಲ್ಲಿ
ಅಂದಂದಿನ ಗಾಳಿ ಸಿಕ್ಕಿಕೊಂಡಿರುತ್ತೆ ಸಾಬ್ರೇ,
ಮುತ್ತಾತನ ಮುತ್ತಾತ ಉಸಿರಾಡಿದ್ದು.

ಅವರು ಉಪ್ಪುನೀರಿನ ತೊಟ್ಟಿಯಿಂದ
ಕೊಕ್ಕೆ ಹಾಕಿ ಒಂದು ದಿಂಡು ಎಳೆದರು.
ಅಂಚೆಲ್ಲ ಗಾಜು; ನಡುವೆ ಬೆಳ್ಳಗೆ,
ಕಣ್ಣಿಗೆ ಪೊರೆ ಬಂದ ಹಾಗೆ.
"ನೀರು ಹೊರಗಿಂದ ಗಟ್ಟಿಯಾಗ್ತಾ ಬತ್ತದೆ,
ಗಾಳಿ ಓಡಿ ಓಡಿ ನಡುಮನೆ ಸೇರ್ಕತದೆ.
ಇದ್ರಲ್ಲಿರೋದು ಮಂಗಳವಾರದ ಗಾಳಿ ಕಣವ್ವ.
ಅವತ್ತು ಸಕ್ಕರೆ ಫ್ಯಾಕ್ಟರಿ ಕಬ್ಬು ಅರೀತಿತ್ತಲ್ಲ,
ಮೂಸಿ ನೋಡು, ಕಾಕಂಬಿ ನಾತ."

ಮೊದಲ ಕೊರೆತ ಗೇಣುದ್ದಕ್ಕೇ ಮುರಿಯಿತು.
ಎರಡನೆಯದೂ.
ಲೋಹಿತಾಶ್ವನ ಬಾಯಲ್ಲಿ ಬಂದ ಮಾತು
ಪ್ರಬಂಧದಲ್ಲಿ ಬರೆಯುವಂಥದ್ದಲ್ಲ.
"ಕೈಯಲ್ಲಲ್ಲ, ಕಿವೀಲಿ ತಿರುಗ್ಸು" ಅಂದರು ಸಾಬರು.
ಐಸು ಹೇಳಿಯೇ ಮುರಿಯುತ್ತದಂತೆ,
ಕಿರ್ ಎಂದು, ಸಣ್ಣಗೆ,
ಬಾಗಿಲಾಚೆ ಯಾರೋ ಚಪ್ಪಲಿ ಬಿಟ್ಟ ಹಾಗೆ.

ಆರನೆಯದು ಇಡಿಯಾಗಿ ಬಂತು. ಮೊಳದುದ್ದ.
ಐದು ತಿಂಗಳ ಫೆಲೋಶಿಪ್ ಬಾಕಿ ಎಂಬುದು
ಆ ಗಳಿಗೆ ಮರೆತೇಹೋಗಿತ್ತು.

ಗೋಡೆಯ ತುಂಬ ಇದ್ದಿಲ ಗೆರೆಗಳು.
ಮೀನಿನ ಗಾಡಿಗೆ, ಮದುವೆ ಮನೆಗೆ, ಸಾವಿನ ಮನೆಗೆ
ಹೋದ ದಿಂಡು ದಾರಿಯಲ್ಲಿ ಎಷ್ಟು ಸವೆಯಿತು,
ಗಿರಾಕಿ ಜಗಳ ತೆಗೆದರೆ ತೋರಿಸಲು.
ಇಪ್ಪತ್ತೆಂಟು ಬೇಸಿಗೆ.
"ಮುಂಚೆ ಮಳವಳ್ಳಿಗೆ ಮುಕ್ಕಾಲು ಮುಟ್ಟೋದು.
ಈಗ ಅರ್ಧ. ಅದೇ ಭತ್ತದ ಹೊಟ್ಟು, ಅದೇ ಗೋಣಿ.
ರಸ್ತೆ ಮುಂಚಿಗಿಂತ ಚೆನ್ನಾಗೇ ಅದೆ."
ನಾನು ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದೆ.
ಅವರು ಗೆರೆಯ ಮೇಲೆ ಬೆರಳಿಟ್ಟು ಓದುತ್ತ ಹೋದರು,
ನಾನು ಬರೆಯುತ್ತ ಹೋದೆ.

ಹೊರಡುವಾಗ ಕೇಳಿದರು:
"ಅಲ್ಲಿ ಅಷ್ಟೊಂದು ಐಸು ಬಯಲಲ್ಲೇ ಬಿದ್ದದಲ್ಲ,
ಹೊಟ್ಟು ಯಾರು ಮುಚ್ತಾರೆ?"

ನಲವತ್ತು ಪುಟದ ನಮ್ಮ ಪ್ರಸ್ತಾವನೆಯಲ್ಲಿ
ಈ ಪ್ರಶ್ನೆ ಇರಲಿಲ್ಲ.

ಹೊರಗೆ ಬಿಸಿಲೇರಿತ್ತು.
ಮುರಿದ ಐದು ಮಂಗಳವಾರಗಳು
ಚರಂಡಿಯ ದಾರಿ ಹಿಡಿದಿದ್ದವು.

ಆ ರಾತ್ರಿ ಸ್ವರ್ಣಸಂದ್ರದ ತಾರಸಿಯ ಮೇಲೆ
ಕೋಟಿನ ಹೊಲಿಗೆಗಳಿಂದ
ಚಿಮಟದಲ್ಲಿ ಹೊಟ್ಟು ಹೆಕ್ಕುತ್ತ ಕೂತೆ.
ಮಾದರಿಗೆ ಹೊರಗಿನ ಕಣ ಸೇರಕೂಡದು, ನಿಯಮ.
ಒಂದು, ಎರಡು, ಹತ್ತೊಂಬತ್ತು.
ಒಳಜೇಬಿನ ಮೂಲೆಯಲ್ಲಿ ಇನ್ನೊಂದನ್ನು
ಬಿಟ್ಟೆನೋ, ಬಿಟ್ಟುಹೋಯಿತೋ,
ಗೊತ್ತಿಲ್ಲ.