ಹದಿನಾಲ್ಕನೇ ನಂಬರಿನ ಕೋಟು

ಮಂಡಿ ಮೊಹಲ್ಲಾದಲ್ಲಿ ನನ್ನದು ಚಳಿಯ ಅಂಗಡಿ.
ಚಳಿ ಮಾರುವುದಿಲ್ಲ,
ಅದಕ್ಕೆ ತೊಡುವ ಕೋಟನ್ನು ದಿನದ ಲೆಕ್ಕದಲ್ಲಿ
ಬಾಡಿಗೆಗೆ ಕೊಡುತ್ತೇನೆ.
ನಾನು ಕಂಡ ದೊಡ್ಡ ಚಳಿ ಎಂದರೆ
ಡಿಸೆಂಬರಿನ ಬೆಳಗಿನ ಐದು ಗಂಟೆ,
ಕುಕ್ಕರಹಳ್ಳಿ ಕೆರೆಯ ಏರಿ.

ಹದಿನಾಲ್ಕನೇ ನಂಬರಿನದು ಬೂದುಬಣ್ಣ,
ಮೊಣಕಾಲಿನವರೆಗೆ ಉದ್ದ, ಒಳಗೆ ಕೆಂಪು ಅಸ್ತರು.
ಗೋಕುಲಂನ ಯೋಗದ ಮೇಡಂ, ವಾರಿಜಾ,
ಮಾರ್ಚಿನ ಸುಡುಬಿಸಿಲಲ್ಲಿ ಬಂದು ಅದನ್ನು ತೊಟ್ಟು ನೋಡಿದರು.
ಕತ್ತಿನಿಂದ ಬೆವರು ಇಳಿಯುತ್ತಿತ್ತು.
‘ಲಂಡನ್ನಲ್ಲಿ ಶಿಬಿರ. ನಡುವೆ ಶನಿವಾರ, ಭಾನುವಾರ ಬಿಡುವು.
ಐಸ್‌ಲ್ಯಾಂಡಿಗೆ ಹೋಗ್ಬರ್ತೀನಿ ಇಲಿಯಾಸ್ ಭಾಯ್,’ ಅಂದರು,
ಕೆ.ಆರ್.ಎಸ್.ಗೆ ಹೋಗಿಬರುವವರ ಹಾಗೆ.

ಹದಿನಾರು ದಿನಕ್ಕೆ ಕೋಟು ವಾಪಸು ಬಂತು.
ಮೊದಲು ಮೂಸಿ ನೋಡುವುದು ನನ್ನ ಅಭ್ಯಾಸ.
ಗಂಧಕದ ವಾಸನೆ,
ದೀಪಾವಳಿಯ ಮಾರನೆಯ ದಿನದ ಬೀದಿಯಂತೆ.
ಎಡಜೇಬಲ್ಲಿ ಒಂದು ಸೂಪಿನ ಬಿಲ್ಲು:
ಅಕ್ಷರಗಳಿಗೆ ಅಲ್ಲಿ ಕೊಂಬು ತಲೆಯ ಮೇಲೆ.
ಬಲಜೇಬಿನ ಹೊಲಿಗೆ ಬಿಟ್ಟಿತ್ತು,
ಅದರೊಳಗಿಂದ ಜಾರಿ ಅಸ್ತರಿನ ಅಂಚಲ್ಲಿ ಕೂತಿತ್ತು
ಚಮಚದಷ್ಟು ಕರಿಮರಳು.

ಹಳೇ ಪೇಪರಿನ ಮೇಲೆ ಕೊಡವಿದೆ.
ಬಿದ್ದ ಸೂಜಿ ಹೆಕ್ಕುವ ಆಯಸ್ಕಾಂತ ಪಕ್ಕದಲ್ಲೇ ಇತ್ತು,
ಸುಮ್ಮನೆ ಹಿಡಿದೆ.
ಮರಳು ಎದ್ದು ನಿಂತಿತು,
ಬೆಚ್ಚಿದ ಬೆಕ್ಕಿನ ಬೆನ್ನಿನಂತೆ.

‘ಅಲ್ಲಿನ ಬೆಟ್ಟ ನಮ್ ಬೆಟ್ಟದ ಹಂಗಲ್ಲ,
ಈಗ ತಾನೆ ಒಲೆಯಿಂದ ಇಳಿಸಿದ ಹಂಗಿದೆ.
ನೆಲದಲ್ಲೇ ನೀರು ಕುದಿಯುತ್ತೆ.
ಆಗಸ್ಟಿನ ಶಿವನಸಮುದ್ರ ನೋಡಿದೀನಿ, ಆದ್ರೆ ಅಲ್ಲಿ
ಗಾಳಿ ಎಷ್ಟಂದ್ರೆ, ಜಲಪಾತ ಮೇಲಕ್ಕೆ ಬೀಳುತ್ತೆ.
ಇಪ್ಪತ್ತು ವರ್ಷದಿಂದ ಉಸಿರಾಟ ಹೇಳ್ಕೊಡೋಳು ನಾನು,
ಅಲ್ಲಿ ಉಸಿರು ಬಿಡೋದೇ ಮರೆತುಹೋಯ್ತು.’
ಆಮೇಲೆ, ತುಸು ನಾಚಿ,
‘ಎರಡನೇ ಗುಂಡಿನ ಆ ಗಾಳಿನೇ ಕಿತ್ಕೊಂಡ್ತು. ದಂಡ ಎಷ್ಟು?’

ಬೋರ್ಡಿನಲ್ಲೇ ಬರೆದಿದ್ದೇನೆ: ಗುಂಡಿ ಕಳೆದರೆ ನಲವತ್ತು.
ಯಾಕೋ, ಬೇಡ ಅಂದುಬಿಟ್ಟೆ.
ಗಾಳಿಯದ್ದೋ, ನನ್ನ ದಾರದ್ದೋ ತಪ್ಪು,
ಯಾರು ಹೇಳುವವರು.

ಶಿವರಾಂಪೇಟೆಯಲ್ಲಿ ಡಜನ್ ಲೆಕ್ಕದಲ್ಲಿ ತಂದ ಗುಂಡಿ,
ನಾಲ್ಕು ತೂತು, ನಾನೇ ಅಡ್ಡಡ್ಡ ಹಾಕಿ ಬಿಗಿದದ್ದು.
ರಾತ್ರಿ ಶಟರು ಎಳೆಯುವಾಗ ನೆನಪಾಗುತ್ತದೆ:
ಈಗ ಆ ಕರಿದಡದಲ್ಲಿ ಅದು ಬಿದ್ದಿದೆ,
ತೂತಿನಲ್ಲಿ ನನ್ನ ಹಲ್ಲು ಕಡಿದ ದಾರದ ತುಣುಕು.
ಅಲೆ ಬಂದರೆ ಒದ್ದೆ, ಹೋದರೆ ಮತ್ತೆ ಚಳಿ.
ಅದಕ್ಕೆ ಯಾರ ಕೋಟೂ ಇಲ್ಲ.

ಮರಳನ್ನು ಚಾಕ್‌ಪೀಸಿನ ಡಬ್ಬಿಯಲ್ಲಿ ಇಟ್ಟೆ.
ಡಬ್ಬಿಯಲ್ಲಿದ್ದ ಬೇರೆ ಗುಂಡಿಯೊಂದನ್ನು, ಕಂದುಬಣ್ಣದ್ದು,
ಜೋಡಿದಾರ ಹಾಕಿ ಹೊಲಿದೆ.

ಮುಂದಿನ ವಾರ ಕೆಸರೆಯ ಹುಡುಗನೊಬ್ಬ ಬಂದ,
ಅಂಗೈಯ ಮದರಂಗಿ ಇನ್ನೂ ಮಾಸಿರಲಿಲ್ಲ.
‘ಬರೀ ಊಟಿಗೆ. ಎರಡೇ ದಿನ. ಯಾವ್ದಾದ್ರೂ ಕೊಡಿ.’
ಆ ‘ಬರೀ’ ಎಂಬ ಮಾತಿಗೆ
ಕೋಟಿನ ಪರವಾಗಿ ನನಗೇ ಕೊಂಚ ಬೇಜಾರಾಯಿತು.
ಆದರೂ ಹದಿನಾಲ್ಕನ್ನೇ ಕಂಬಿಯಿಂದ ಇಳಿಸಿದೆ.

ತೊಟ್ಟು, ಕನ್ನಡಿಯ ಮುಂದೆ ತಿರುಗಿ, ಕೇಳಿದ:
‘ಇದೊಂದು ಗುಂಡಿ ಯಾಕೆ ಬೇರೆ ಥರ?’
ಇನ್ನೂರು ಅಡ್ವಾನ್ಸಿಗೆ ರಸೀದಿ ಬರೆಯುತ್ತಾ ಅಂದೆ:
ಅಲ್ಲಿದ್ದದ್ದು ಊರಲ್ಲಿಲ್ಲ.