ಆರ್

ಬೆಳಿಗ್ಗೆ ಏಳೂವರೆ. ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ
ಮುಖಕ್ಕೆ ತಾಗುವುದು ಮೈಬಿಸಿ,
ಮೂವತ್ತೇಳು ಡಿಗ್ರಿ, ಜ್ವರವಿಲ್ಲದವರ ಮೈಬಿಸಿ.
ಹೊರಗೆ ಅತ್ತಾವರದ ರಸ್ತೆಯಲ್ಲಿ ಕಂಡಕ್ಟರ್
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಬೊಬ್ಬೆ ಹಾಕುತ್ತಾನೆ.

ಲೂಪ್ ಮುಟ್ಟಿಸಿ ಎತ್ತಿದರೆ
ದಾಸವಾಳದ ಸೊಪ್ಪು ಕಿವುಚಿದ ಲೋಳೆಯಂತೆ
ನೂಲು ಬರುತ್ತದೆ, ಕಡಿಯುವುದಿಲ್ಲ.
ಕ್ಲೆಬ್ಸಿಯೆಲ್ಲ. ಐಸಿಯು, ಹಾಸಿಗೆ ಒಂಬತ್ತು.
ದೂಮಪ್ಪ ಪುತ್ರನ್, ಐವತ್ತೆಂಟು.
ದಕ್ಕೆಯಲ್ಲಿ ತೇಡೆ ಮೀನಿನ ಮುಳ್ಳು ಅಂಗೈಗೆ ಹೊಕ್ಕದ್ದು;
ಅದು ಮಾಗುತ್ತಿತ್ತು. ಇದು ಇಲ್ಲಿ ಹಿಡಿದದ್ದು,
ಉಸಿರಿನ ನಳಿಕೆಯಿಂದ, ನಮ್ಮದೇ ಯಾರದೋ ಕೈಯಿಂದ.

ಇನ್ನೊಂದು ತಟ್ಟೆಯಲ್ಲಿ ಹನ್ನೊಂದು ಬಿಲ್ಲೆ ಇಟ್ಟಿದ್ದೆ.
ಮದ್ದು ಗೆದ್ದರೆ ಬಿಲ್ಲೆಯ ಸುತ್ತ
ಗುಡಿಸಿದ ಅಂಗಳದಂತೆ ಬೋಳು ವೃತ್ತ;
ಸ್ಕೇಲಿಟ್ಟು ಅಳೆಯುವುದು ನನ್ನ ಕೆಲಸ.
ಇಂದು ಅಳೆಯಲು ಏನೂ ಇಲ್ಲ.
ಬಿಲ್ಲೆಯ ಬುಡದವರೆಗೂ ಹುಲುಸು.

ರಿಜಿಸ್ಟರಿನಲ್ಲಿ ಬರೆಯುತ್ತ ಹೋದೆ: ಆರ್. ಆರ್. ಆರ್.
ಮದ್ದಿಗೆ ಮಣಿಯದು ಎಂಬುದಕ್ಕೆ ಇಂಗ್ಲಿಷಿನ ಒಂದಕ್ಷರ.
ಪಿಯುಸಿಯ ಹಳಗನ್ನಡದಲ್ಲಿ ಅದೇ ಸದ್ದು ‘ಯಾರು’ ಎಂದಾಗಿತ್ತು.
ಆರ್? ಆರ್?
ಕಲಿಸಿದವರಾರ್ ಇವಕ್ಕೆ ಈ ವಿದ್ಯೆ?

ನಮ್ಮದು ಅಳಿಯಕಟ್ಟು: ಸೊತ್ತು ಓರೆಯಾಗಿ ನಡೆಯುತ್ತದೆ,
ಮಾವನಿಂದ ತಂಗಿಯ ಮಗನಿಗೆ.
ಇವು ಇನ್ನೂ ಅಡ್ಡ. ಮೈಗೆ ಮೈ ತಾಗಿದರೆ ಸಾಕು,
ಜಾತಿ ಬೇರೆಯಾದರೂ ಸರಿ,
ಉಂಗುರದಂಥ ಒಂದು ಸುತ್ತು ಬರಹ ಕೈಗಡ;
ಕೊಟ್ಟದ್ದನ್ನು ಹಿಂದೆ ಕೇಳುವುದಿಲ್ಲ,
ಕೊಟ್ಟ ಮೇಲೂ ತನ್ನ ಬಳಿ ಇದ್ದೇ ಇರುತ್ತದೆ.
ಈ ವಾರ ಒಂದೇ ಹೆಸರಿನ ಐದು ತಟ್ಟೆ.
ಐದಕ್ಕೂ ಬೇರೆ ಬೇರೆ ಮನೆತನ,
ಉಂಗುರ ಒಂದೇ.

ಕೌಂಟರಿನಲ್ಲಿ ರಾಜೀವಿ. ಗಂಡನ ಹೆಸರು ಹೇಳುವವಳಲ್ಲ,
ಚೀಟಿ ತೋರಿಸುತ್ತಾಳೆ.
“ಆರ್ ಎಂಚ ಉಲ್ಲೆರ್?”
ತುಳುವಿನಲ್ಲಿ ಆರ್ ಎಂದರೆ ಅವರು. ಮರ್ಯಾದೆಯ ಅವರು.
ಹನ್ನೊಂದು ಸಲ ಬರೆದು ಬಂದಿದ್ದೇನೆ ಅವರನ್ನು.

ಇನ್ನೊಂದು ಮದ್ದಿದೆ ಎಂದೆ. ಹಳತು. ಕಿಡ್ನಿಗೆ ಪೆಟ್ಟು.
ಬಿಲ್ಲೆಯಲ್ಲಿ ತಿಳಿಯದು, ಬೇರೆ ಇಟ್ಟಿದ್ದೇನೆ, ನಾಳೆ ಗೊತ್ತಾಗುತ್ತದೆ.
ಅವಳು ನನ್ನ ಕೈ ಹಿಡಿದುಕೊಂಡಳು, ಎರಡೂ ಕೈಯಲ್ಲಿ.
ಗ್ಲೌಸ್ ತೆಗೆದಿದ್ದೆ.
ಉಪ್ಪು, ಮಂಜುಗಡ್ಡೆ ತಿಂದ ಒರಟು ಕೈ,
ಈಗಷ್ಟೇ ಒಳಗೆ ಬಿಟ್ಟ ಐದು ನಿಮಿಷದಲ್ಲಿ
ಅವರ ಪಾದ ತಿಕ್ಕಿ ಬಿಸಿ ಮಾಡಿ ಬಂದ ಕೈ.

ಬಿಡಿಸಿಕೊಳ್ಳಲಿಲ್ಲ.
ಆಮೇಲೆ ನಲ್ಲಿಯಡಿ, ಉಗುರಿನ ಸಂದಿಗೂ ಸೋಪು,
ಎಣಿಸಿ ನಲವತ್ತು.
ತಲೆಯೆತ್ತಿದರೆ ಗಾಜಿನಾಚೆ
ಅವಳಿನ್ನೂ ಹೋಗಿರಲಿಲ್ಲ.